ಓದಿದ್ದು ಯಾರ ಮನೆಯ ಹುಳು?

ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಂಡೆಯ ಊರು. ಹೊಳೆಯ ಮೇಲಿನ ತೂಗು ಸೇತುವೆಯನ್ನು ನೋಡಲೆಂದು ಬರುವವರು ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳನ್ನು ಕಂಡು, ಇದು ಹೊಗೆಸೊಪ್ಪಿನ ಸೀಮೆ ಎಂದುಕೊಂಡು ಹಿಂದಿರುಗುತ್ತಾರೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಿಪ್ಪುನೇರಳೆ ತೋಟ ಇರುವುದು ಗಮನಕ್ಕೆ ಬರುವುದಿಲ್ಲ. ಅಂಥ ಒಂದು ತೋಟದ ಮನೆಗೆ ನಾವು ಕ್ಯಾಮೆರಾ ಹೊತ್ತು ಹೋಗಿದ್ದೆವು. ಹುಳುಗಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಸೊಪ್ಪು ಹಾಕಿದ ಕೂಡಲೇ ಸೋನೆ ಮಳೆಯಂಥ ಸದ್ದು ಮನೆ ತುಂಬಿತು. ನಮ್ಮ ಧ್ವನಿಮುದ್ರಕ ಬಾಗಿಲು ಹಾಕಿಸಿ, ಎಲ್ಲರ ಬಾಯಿ ಮುಚ್ಚಿಸಿ, ಅದನ್ನು ಐದು ನಿಮಿಷ ಹಿಡಿದುಕೊಂಡ.

ಮನೆಯ ಯಜಮಾನಿಗೆ ನಾನು ನಮ್ಮ ಕಾರ್ಯಕ್ರಮದ ವಿಷಯ ವಿವರಿಸಿದೆ. ಈ ಹುಳುವಿನ ಮೈಯೊಳಗಿನ ಬರಹವನ್ನೆಲ್ಲ ವಿಜ್ಞಾನಿಗಳು ಓದಿ ಮುಗಿಸಿದ್ದಾರೆ, ಅಕ್ಷರ ಅಕ್ಷರ ಜೋಡಿಸಿದ್ದಾರೆ ಎಂದೆ. ಆಕೆ ಸೊಪ್ಪು ಹರಡುತ್ತಲೇ ಕೇಳಿದರು: ‘ಅದು ಸರಿ ಸಾರ್, ಎಲ್ಲಾ ಓದವ್ರೆ ಅಂತೀರಲ್ಲ, ಅವ್ರು ಓದಿದ್ದು ಯಾರ ಮನೆ ಹುಳಾನ?’

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆಗೆ ಜಾಗ ಸಿಗಲಿಲ್ಲ. ಅದಕ್ಕೆ ಉತ್ತರ ಹುಡುಕುವುದಕ್ಕಾಗಿಯೇ ಈ ಲೇಖನ.

ಮೊದಲು ಒಂದು ಮಾತು. ರೇಷ್ಮೆಹುಳು ಹುಳುವಾಗಿರುವುದು ತಿಂಗಳಿಗಿಂತ ಕಡಿಮೆ. ಗೂಡು ಕಟ್ಟಿ, ಕೋಶವಾಗಿ, ಗೂಡು ತೂರಿ ಹೊರಬಂದರೆ ಅದು ಬಿಳಿಯ, ಮೈತುಂಬ ನಯವಾದ ಹೊದಿಕೆಯ ಒಂದು ಪತಂಗ. ರೆಕ್ಕೆ ಇದ್ದರೂ ಹಾರಲಾರದು, ಬಾಯಿ ಇದ್ದರೂ ಉಣ್ಣದು. ಕೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಸುಮಾರು 5,000 ವರ್ಷ ಮನುಷ್ಯನ ಮನೆಯಲ್ಲಿ ಬೆಳೆದು ಇದಕ್ಕೆ ಹಾರುವುದು ಮರೆತುಹೋಗಿದೆ. ನಾವು ನೂಲು ಬಿಚ್ಚುವ ಗೂಡುಗಳಲ್ಲಿ ಪತಂಗ ಹೊರಬರುವ ಮುನ್ನವೇ ಕೋಶವನ್ನು ಬಿಸಿಯಿಂದ ಕೊಲ್ಲುವುದರಿಂದ ರೇಷ್ಮೆ ಸಾಕುವ ಮನೆಯ ಮಕ್ಕಳೂ ಪತಂಗವನ್ನು ನೋಡಿರುವುದು ಅಪರೂಪ. ಪತಂಗಗಳನ್ನು ಕಾಣಬೇಕಾದರೆ ಬಿತ್ತನೆ ಕೋಠಿಗೇ ಹೋಗಬೇಕು.

ಕನ್ನಡ ನಾಡಿಗೆ ಈ ಪತಂಗ ಹೊರಗಿನಿಂದ ಬಂದದ್ದು. 1786ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಒಂದು ಪತ್ರ ಉಳಿದಿದೆ. ರೇಷ್ಮೆಹುಳು ತರಲು ಬಂಗಾಳಕ್ಕೆ ಕಳುಹಿಸಿದ್ದ ಇಬ್ಬರು ಹಿಂದಿರುಗುತ್ತಿದ್ದಾರೆ, ಹುಳುಗಳಿಗೆ ತಕ್ಕ ಸ್ಥಳ ಗೊತ್ತುಮಾಡಬೇಕು ಎಂಬುದು ಅದರ ವಿಷಯ. ಆ ಕಾಲದಲ್ಲಿ ನೆಲೆಗೊಂಡು, ಕುಣಿಗಲ್, ಮಾಗಡಿ, ಚನ್ನಪಟ್ಟಣದ ಸುತ್ತಿನ ಬಿಸಿಲು ಮಳೆಗೆ ಒಗ್ಗಿಕೊಂಡ ಹುಳುವೇ ಮುಂದೆ ಮೈಸೂರು ತಳಿ ಎನಿಸಿತು. ಅದರ ಗೂಡು ಚಿಕ್ಕದು, ತುದಿ ಚೂಪು, ಬಣ್ಣ ಹಸಿರು ಮಿಶ್ರಿತ ಹಳದಿ. ಒಂದು ಗೂಡಿನಿಂದ ಬಿಚ್ಚಬಹುದಾದ ಎಳೆ ಸುಮಾರು 350ರಿಂದ 400 ಮೀಟರ್. ಚೀನಾ, ಜಪಾನಿನ ಬಿಳಿ ಗೂಡು 1,000 ಮೀಟರಿಗೂ ಮೀರಿ ಕೊಡುತ್ತದೆ. ಹಾಗಾದರೆ ಮೈಸೂರು ತಳಿಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದೇಕೆ? ಅದು ಸಾಯುವುದಿಲ್ಲ, ಅದಕ್ಕೆ. ಸೆಕೆಯಲ್ಲಿ ಬಿಳಿ ಗೂಡಿನ ತಳಿಗಳು ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿ ತಟ್ಟೆತಟ್ಟೆಯೇ ಮಲಗಿಬಿಡುವಾಗ ಇದು ತಡೆದುಕೊಳ್ಳುತ್ತದೆ. ಇದರ ಮೊಟ್ಟೆಗೆ ನಿದ್ರೆಯಿಲ್ಲ. ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ಆದ್ದರಿಂದ ವರ್ಷಕ್ಕೆ ಐದಾರು ಬೆಳೆ. ಬಿಳಿ ಗೂಡಿನ ದ್ವಿತಳಿಯ ಮೊಟ್ಟೆಯಾದರೋ ಚಳಿಗಾಲ ಕಳೆಯುವ ತನಕ ಮಲಗುವಂಥದು.

ಹತ್ತೊಂಬತ್ತನೆಯ ಶತಮಾನದ ನಡುವೆ ಯೂರೋಪಿನ ರೇಷ್ಮೆಯನ್ನು ಗಂಟು ರೋಗ ನೆಲಕಚ್ಚಿಸಿತು. ಲೂಯಿ ಪಾಶ್ಚರ್ 1865ರಿಂದ ಐದಾರು ವರ್ಷ ಈ ರೋಗದ ಬೆನ್ನು ಹತ್ತಿ, ಅದು ತಾಯಿಯಿಂದ ಮೊಟ್ಟೆಗೆ ದಾಟುವುದನ್ನು ತೋರಿಸಿ, ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ಕಂಡುಹಿಡಿದ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಅದೇ ಕ್ರಮ. ಆ ದಶಕದಲ್ಲಿಯೇ ಇಟಲಿಯ ಡಿ ವೆಕ್ಕಿ ಎಂಬಾತ ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಕಾರ್ಖಾನೆ ತೆರೆದು, ಜಪಾನಿನಿಂದ ಮೊಟ್ಟೆ ತರಿಸಿ ಮೈಸೂರು ಸೀಮೆಯಲ್ಲಿ ಹಂಚಿದ. 1890ರ ದಶಕದಲ್ಲಿ ಜಮ್‌ಷೆಡ್‌ಜಿ ಟಾಟಾ ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿ ಎಷ್ಟೋ ಕಾಲವಾದರೂ ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿದೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆ ಮೈಸೂರು ತಳಿಯ ಹೆಣ್ಣಿಗೆ ವಿದೇಶೀ ತಳಿಯ ಗಂಡನ್ನು ಕೂಡಿಸಿ ಮಿಶ್ರತಳಿ ಮೊಟ್ಟೆಗಳನ್ನು ರೈತರಿಗೆ ಕೊಡಲಾರಂಭಿಸಿತು. ತಾಯಿಯ ಗಟ್ಟಿತನ, ತಂದೆಯ ನೂಲು. ಈ ಏರ್ಪಾಟು ಇಂದಿಗೂ ನಿಂತಿಲ್ಲ. ತಂದೆಯ ತಳಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮಿಶ್ರತಳಿಯ ಹಿಂದಿನ ಶಾಸ್ತ್ರ ಜಪಾನಿನದು. ಮೆಂಡೆಲನ ಬಟಾಣಿ ಗಿಡದ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಯೇ ಎಂದು ಲೋಕ ಅನುಮಾನಿಸುತ್ತಿದ್ದ ಕಾಲದಲ್ಲಿ ತೊಯಾಮಾ ಕಾಮೆತಾರೊ ಎಂಬ ವಿಜ್ಞಾನಿ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಅಲ್ಲಿಯ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಸಂಕರ ಮಾಡಿ, 1906ರಲ್ಲಿ ಆ ನಿಯಮಗಳು ರೇಷ್ಮೆಹುಳುವಿಗೂ ಹೊಂದುವುದನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಜಪಾನಿನಲ್ಲಿ ಈ ಹುಳುವಿನ ವಂಶವಾಹಿಗಳ ನಕಾಶೆ ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತು. ಯಾವ ಗುಣ ಯಾವುದರ ಜೊತೆ ಸಾಗುತ್ತದೆ, ಮೈಮೇಲಿನ ಮಚ್ಚೆ ಯಾವ ವರ್ಣತಂತುವಿನಲ್ಲಿ, ಗೂಡಿನ ಬಣ್ಣ ಯಾವುದರಲ್ಲಿ ಎಂದು ನೂರಾರು ಗುಣಗಳನ್ನು ಗುರುತಿಸಿ, 28 ಜೊತೆ ವರ್ಣತಂತುಗಳಿಗೆ ಹಂಚಿದರು. ಈ ಹಳೆಯ ನಕಾಶೆ ಒಂದು ಶತಮಾನದ ನಂತರ ಎಂಥ ಉಪಯೋಗಕ್ಕೆ ಬಂತೆಂಬುದನ್ನು ಮುಂದೆ ನೋಡುವಿರಿ.

ಇನ್ನು ಓದುವ ಮಾತು. ಜೀವಿಯ ಪ್ರತಿಯೊಂದು ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಉದ್ದನೆಯ ಎಳೆ ಉಂಟೆಂಬುದು ನಿಮಗೆ ಪಠ್ಯದಿಂದಲೇ ತಿಳಿದಿದೆ. ಅದರಲ್ಲಿ ನಾಲ್ಕೇ ‘ಅಕ್ಷರ’ಗಳು. ಆ ಅಕ್ಷರಗಳ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ರೇಷ್ಮೆಹುಳುವಿನ ಜೀನೋಮಿನಲ್ಲಿ ಸುಮಾರು 43ರಿಂದ 46 ಕೋಟಿ ಅಕ್ಷರಗಳಿವೆ. ಒಂದು ಪುಟಕ್ಕೆ 2,000 ಅಕ್ಷರದಂತೆ, 400 ಪುಟದ ಸಂಪುಟಗಳಾಗಿ ಅಚ್ಚು ಹಾಕಿಸಿದರೆ 500ಕ್ಕೂ ಹೆಚ್ಚು ಸಂಪುಟಗಳಾದಾವು. ತೊಂದರೆಯೇನೆಂದರೆ, 2000ದ ಆಸುಪಾಸಿನಲ್ಲಿದ್ದ ಯಂತ್ರಗಳು ಒಂದು ಸಲಕ್ಕೆ ಓದಬಲ್ಲವಾಗಿದ್ದುದು ಬರಿಯ ಐನೂರು ಆರುನೂರು ಅಕ್ಷರ. ಆದ್ದರಿಂದ ವಿಜ್ಞಾನಿಗಳು ಒಂದು ಒರಟು ಉಪಾಯ ಹೂಡಿದರು. ಡಿಎನ್‌ಎಯ ಅಸಂಖ್ಯ ಪ್ರತಿಗಳನ್ನು ತೆಗೆದುಕೊಂಡು, ಎಲ್ಲೆಂದರಲ್ಲಿ ಚೂರು ಮಾಡಿ, ಚೂರುಗಳನ್ನು ಓದಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ಗಣಕಯಂತ್ರದಿಂದ ಹುಡುಕಿಸಿ ಜೋಡಿಸುವುದು. ಒಂದೇ ಪಂಚಾಂಗದ ಹತ್ತಾರು ಪ್ರತಿಗಳನ್ನು ಮನೆಯ ತುಂಟ ಮಕ್ಕಳು ಹರಿದು ರಾಶಿ ಹಾಕಿದರೆಂದು ಭಾವಿಸಿ. ಎಲ್ಲ ಪ್ರತಿಗಳೂ ಒಂದೇ ಕಡೆ ಹರಿದಿರುವುದಿಲ್ಲವಾದ್ದರಿಂದ ತಾಳ್ಮೆಯಿದ್ದರೆ ಒಂದು ಪೂರ್ಣ ಪಂಚಾಂಗವನ್ನು ಕೂಡಿಸಬಹುದು.

ಎಷ್ಟು ಪ್ರತಿ ಹರಿಯಬೇಕು? ಇದು ಕಾಲೇಜಿನ ಸಂಭಾವ್ಯತೆಯ ಲೆಕ್ಕ. ಜೀನೋಮಿನ ಉದ್ದದ ಮೂರು ಪಟ್ಟು ಅಕ್ಷರ ಓದಿದರೆ, ಒಮ್ಮೆಯೂ ಕಣ್ಣಿಗೆ ಬೀಳದೆ ಉಳಿಯುವ ಅಕ್ಷರಗಳು ನೂರಕ್ಕೆ ಸುಮಾರು 5. ಆರು ಪಟ್ಟು ಓದಿದರೆ ಸಾವಿರಕ್ಕೆ ಎರಡೂವರೆ. ಎಂಟೂವರೆ ಪಟ್ಟು ಓದಿದರೆ ಹತ್ತು ಸಾವಿರಕ್ಕೆ 2. ಈ ಮೂರು ಸಂಖ್ಯೆಗಳನ್ನು ನೆನಪಿಡಿ. ರೇಷ್ಮೆ ಪತಂಗದ ಜೀನೋಮಿನ ಕಥೆ ಇವುಗಳಲ್ಲಿಯೇ ಇದೆ.

ಮೂರು ಪಟ್ಟು ಓದಿದವರು ಜಪಾನೀಯರು. ಕಜುಎಯ್ ಮಿತಾ, ತೊರು ಷಿಮಾದಾ ಮೊದಲಾದವರು ಅದಕ್ಕೆ ಮೊದಲೇ ಹುಳುವಿನ ನಾನಾ ಅಂಗಗಳಲ್ಲಿ ಕೆಲಸ ಮಾಡುತ್ತಿರುವ ವಂಶವಾಹಿಗಳ ತುಣುಕುಗಳನ್ನು ಸುಮಾರು 35,000ದಷ್ಟು ಕಲೆಹಾಕಿ 2003ರಲ್ಲಿ ಪ್ರಕಟಿಸಿದ್ದರು. 2004ರ ಆರಂಭದಲ್ಲಿ ಅವರ ಇಡೀ ಜೀನೋಮಿನ ಕರಡು ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾದ ಚೋಂಗ್‌ಚಿಂಗ್‌ನಲ್ಲಿದ್ದ ನೈಋತ್ಯ ಕೃಷಿ ವಿಶ್ವವಿದ್ಯಾನಿಲಯ, ಬೀಜಿಂಗ್ ಜೀನೋಮಿಕ್ಸ್ ಸಂಸ್ಥೆಯೊಡಗೂಡಿ, ಸುಮಾರು ಆರು ಪಟ್ಟು ಓದಿದ ಕರಡನ್ನು ಪ್ರಕಟಿಸಿತು. ಅದರ ಹಿಂದಿದ್ದ ಹಿರಿಯರು ಷಿಯಾಂಗ್ ಝೋಂಗ್‌ಹುವಾಯ್. ಕೈಯಾಡಿಸಿದವರಲ್ಲಿ ಮುಖ್ಯರು ಷಿಯಾ ಚಿಂಗ್‌ಯೋ. ಒಂದೇ ಹುಳುವಿಗೆ ಎರಡು ದೇಶ ಪೈಪೋಟಿಗಿಳಿದದ್ದು ವ್ಯರ್ಥವೆನಿಸಬಹುದು. ಆದರೆ ಇಬ್ಬರೂ ಓದಿದ್ದು ಒಂದೇ ಮೂಲದ ತಳಿ. ಚೀನೀಯರು ದಾಜಾವ್ ಎನ್ನುವುದನ್ನೇ ಜಪಾನೀಯರು ದಾಯ್ಜೊ ಎನ್ನುತ್ತಾರೆ. ಹೀಗಾಗಿ ಮುನಿಸು ಮರೆತು ಎರಡೂ ರಾಶಿಯ ಚೂರುಗಳನ್ನು ಒಟ್ಟಿಗೆ ಸುರಿದು ಮತ್ತೆ ಜೋಡಿಸಲು ಸಾಧ್ಯವಾಯಿತು. 2008ರಲ್ಲಿ ಹೊರಬಂದ ಆ ಜಂಟಿ ಜೋಡಣೆಯೇ ಎಂಟೂವರೆ ಪಟ್ಟಿನದು.

ಎಲ್ಲಿಂದ ತೆಗೆದರು ಇಷ್ಟು ಡಿಎನ್‌ಎ? ಕೊಣನೂರಿನಲ್ಲಿ ನಾವು ಕಂಡಂಥ, ನಾಲ್ಕನೇ ಜ್ವರ ಎದ್ದು ಮೂರು ದಿನವಾದ ಹುಳುಗಳ ರೇಷ್ಮೆ ಗ್ರಂಥಿಯಿಂದ. ಚೀನೀಯರು ಸಾವಿರಕ್ಕೂ ಮೀರಿದ ಹುಳುಗಳನ್ನು ಬಳಸಿದರು. ಆ ಗ್ರಂಥಿಯ ಜೀವಕೋಶಗಳು ಒಂದು ವಿಚಿತ್ರ. ಅವು ಒಡೆದು ಎರಡಾಗುವುದನ್ನು ನಿಲ್ಲಿಸಿ ತಮ್ಮ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ಪ್ರತಿ ಮಾಡಿಕೊಳ್ಳುತ್ತ ಹೋಗುತ್ತವೆ; ಒಂದೇ ಕೋಶದಲ್ಲಿ ಲಕ್ಷಕ್ಕೂ ಮೀರಿದ ಪ್ರತಿಗಳು ಸೇರಿಕೊಳ್ಳುತ್ತವೆ. ಎರಡು ಮೂರು ದಿನಗಳಲ್ಲಿ ತಾನೇ ಸುತ್ತಿಕೊಳ್ಳಬೇಕಾದ ನೂಲಿಗೆ ಹುಳು ನಡೆಸುವ ಸಿದ್ಧತೆ ಇದು.

ಜೋಡಣೆಯ ಕಷ್ಟಕ್ಕೆ ಬರೋಣ. 2004ರ ಚೀನೀ ಕರಡಿನಲ್ಲಿ ಎಡೆಬಿಡದೆ ಓದಬಹುದಾಗಿದ್ದ ತುಂಡುಗಳು ಸಾಮಾನ್ಯವಾಗಿ ಹನ್ನೆರಡು ಸಾವಿರ ಅಕ್ಷರದ ಆಸುಪಾಸಿನವು. ಮೇಲೆ ಹೇಳಿದ ಲೆಕ್ಕದಂತೆ ಆರು ಪಟ್ಟು ಓದಿದ ಮೇಲೆ ಬಹುಪಾಲು ಮುಗಿದಿರಬೇಕಲ್ಲ? ಓದಿದ್ದು ಮುಗಿದಿತ್ತು, ಜೋಡಿಸಿದ್ದು ಮುಗಿದಿರಲಿಲ್ಲ. ಕಾರಣ, ಈ ಜೀನೋಮಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 44 ಭಾಗ ಪುನರಾವರ್ತನೆ. ದಾಸರ ಪದದಲ್ಲಿ ಪ್ರತಿ ಚರಣದ ಕೊನೆಗೂ ಪಲ್ಲವಿ ಬರುತ್ತದೆ. ಹರಿದ ಹಾಡಿನ ಪುಸ್ತಕದಿಂದ ನಿಮ್ಮ ಕೈಗೆ ಸಿಕ್ಕ ಚೂರಿನಲ್ಲಿ ಬರಿಯ ಪಲ್ಲವಿ ಇದ್ದರೆ ಅದು ಮೊದಲ ಚರಣದ ಮುಂದಿನದೋ ಐದನೆಯದರ ಮುಂದಿನದೋ ಹೇಳುವುದು ಹೇಗೆ? ಗಣಕಯಂತ್ರಕ್ಕೂ ಅಲ್ಲಿಯೇ ದಾರಿ ತಪ್ಪುತ್ತದೆ.

ತಮಾಷೆಯೆಂದರೆ, ನಾವು ಈ ಹುಳುವನ್ನು ಸಾಕುವುದು ಯಾವ ಪದಾರ್ಥಕ್ಕಾಗಿಯೋ ಅದರ ವಂಶವಾಹಿಯೇ ಪಲ್ಲವಿಗಳ ಸರಮಾಲೆ. ರೇಷ್ಮೆಯ ಮುಖ್ಯ ಪ್ರೋಟೀನ್ ಫೈಬ್ರಾಯಿನ್. 5,263 ಅಮೈನೋ ಆಮ್ಲಗಳ ಅದರ ದೊಡ್ಡ ಸರಪಣಿಯಲ್ಲಿ ಗ್ಲೈಸಿನ್, ಅಲನೀನ್, ಸೆರಿನ್ ಎಂಬ ಮೂರೇ ಹೆಸರುಗಳು ಬಹುತೇಕ ಒಂದೇ ತಾಳದಲ್ಲಿ ಬಂದು ಬಂದು ಹೋಗುತ್ತವೆ. ಎಳೆಗೆ ಬಲ ಬರುವುದೂ ಆ ಏಕತಾನದಿಂದಲೇ. 1972ರಲ್ಲಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಎಂಬ ವಿಜ್ಞಾನಿಗಳು ಈ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಶುದ್ಧವಾಗಿ ಬೇರ್ಪಡಿಸಿದ್ದರು. ಮೇಲ್ದರ್ಜೆಯ ಜೀವಿಗಳಲ್ಲಿ ಅಂಥ ಕೆಲಸ ಇನ್ನೂ ಅಪರೂಪವಾಗಿದ್ದ ದಿನಗಳವು.

ಪಲ್ಲವಿಯ ತೊಡಕಿಗೆ 2008ರಲ್ಲಿ ಸಿಕ್ಕ ಪರಿಹಾರ ಎರಡು ಬಗೆಯದು. ಉದ್ದನೆಯ ತುಂಡುಗಳ ಎರಡು ತುದಿಗಳನ್ನು ಮಾತ್ರ ಓದಿ, ಇವೆರಡೂ ಇಷ್ಟು ದೂರದಲ್ಲಿರಬೇಕು ಎಂದು ಗುರುತು ಹಾಕಿಕೊಂಡದ್ದು ಒಂದು. ಇನ್ನೊಂದು, ತೊಯಾಮಾ ಕಾಲದಿಂದ ಬೆಳೆದುಬಂದ ವಂಶವಾಹಿ ನಕಾಶೆಯ ವಿದ್ಯೆ. ತುಂಡುಗಳಲ್ಲಿನ ಗುರುತುಗಳು ಸಂಕರದ ಮರಿಗಳಲ್ಲಿ ಯಾವುದರ ಜೊತೆ ಸಾಗುತ್ತವೆಂದು ನೋಡಿ, ಜೀನೋಮಿನ ನೂರಕ್ಕೆ 87 ಭಾಗವನ್ನು 28 ವರ್ಣತಂತುಗಳ ಮೇಲೆ ಕ್ರಮವಾಗಿ ಕೂರಿಸಿದರು. ಜೋಡಿಸಿದ ತುಂಡುಗಳು ಈಗ ಮೂವತ್ತೇಳು ಲಕ್ಷ ಅಕ್ಷರಗಳವರೆಗೆ ಬೆಳೆದಿದ್ದವು. ವಂಶವಾಹಿಗಳ ಎಣಿಕೆಯೂ ಬದಲಾಯಿತು: 2004ರಲ್ಲಿ 18,510 ಎಂದಿದ್ದದ್ದು 2008ರಲ್ಲಿ 14,623ಕ್ಕೆ ಇಳಿಯಿತು. ತುಂಡಾಗಿದ್ದುದರಿಂದ ಒಂದೇ ವಂಶವಾಹಿ ಎರಡೆಂದು ಎಣಿಕೆಯಾಗಿದ್ದ ಪ್ರಸಂಗಗಳಿದ್ದವು. 2019ರಲ್ಲಿ ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಓದಬಲ್ಲ ಹೊಸ ಯಂತ್ರಗಳಿಂದ ಜಪಾನೀಯರು ಅದೇ ತಳಿಯನ್ನು ಮತ್ತೆ ಓದಿದಾಗ 46 ಕೋಟಿ ಅಕ್ಷರಗಳ ಬರಹದಲ್ಲಿ ಕೇವಲ 30 ಬಿಟ್ಟಸ್ಥಳಗಳು ಉಳಿದವು, ವಂಶವಾಹಿಗಳು 16,880 ಆದವು. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆಯೇ ಕೊನೆಯ ಸತ್ಯವೆಂದು ಪರೀಕ್ಷೆಗೆ ಬಾಯಿಪಾಠ ಮಾಡುವವರು ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಒಳ್ಳೆಯದು.

ಓದಿದ್ದರಿಂದ ಆದದ್ದೇನು? ಒಂದು ನಿದರ್ಶನ ಸಾಕು. ರೇಷ್ಮೆಹುಳು ಹಿಪ್ಪುನೇರಳೆ ಬಿಟ್ಟು ಬೇರೇನನ್ನೂ ತಿನ್ನದೆ ಹಟ ಹಿಡಿಯುವುದು ಏಕೆ? ಅದರ ರುಚಿ ಗ್ರಾಹಕಗಳ ವಂಶವಾಹಿಗಳು ಸುಮಾರು 70. ಕೊಣನೂರಿನ ರೈತರಿಗೆ ಚೆನ್ನಾಗಿ ಗೊತ್ತಿರುವ ಹೊಗೆಸೊಪ್ಪಿನ ಹುಳು ಕೂಡ ಒಂದು ಪತಂಗದ ಮರಿಯೇ. 2017ರಲ್ಲಿ ಪ್ರಕಟವಾದ ಅದರ ಜೀನೋಮಿನಲ್ಲಿ ಇಂಥ 237 ವಂಶವಾಹಿಗಳು ಸಿಕ್ಕವು. ಅದು ಹೊಗೆಸೊಪ್ಪನ್ನಲ್ಲದೆ ನೂರಾರು ಗಿಡಗಳನ್ನು ತಿನ್ನುತ್ತದೆ. 2019ರಲ್ಲಿ ಚೀನೀ ವಿಜ್ಞಾನಿಗಳು ರೇಷ್ಮೆಹುಳುವಿನ 66ನೆಯ ರುಚಿ ಗ್ರಾಹಕದ ವಂಶವಾಹಿಯನ್ನು ಕೆಡಿಸಿ ನೋಡಿದರು. ಆ ಹುಳುಗಳು ಹಣ್ಣಿನ ಹೋಳು, ಕಾಳು, ಓಕ್ ಮರದ ಎಲೆಗಳನ್ನೂ ಮೇಯತೊಡಗಿದವು. ಹಟದ ಒಂದು ಬೇರು ಸಿಕ್ಕಿತ್ತು.

ಈಗ ಯಜಮಾನಿಯ ಪ್ರಶ್ನೆಗೆ ಬರೋಣ. ಓದಿದ್ದು ಚೀನೀ ಮೂಲದ, ಮೊಟ್ಟೆ ನಿದ್ರಿಸುವ ಒಂದು ದ್ವಿತಳಿಯನ್ನು. ನಮ್ಮ ಮೈಸೂರು ತಳಿಯನ್ನಲ್ಲ. ಆ ಓಟದಲ್ಲಿ ಭಾರತ ಇರಲಿಲ್ಲ. ಹಾಗೆಂದು ನಮ್ಮವರು ಕೈಕಟ್ಟಿ ಕುಳಿತಿದ್ದರೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರ ಪ್ರಯೋಗಶಾಲೆ ರೇಷ್ಮೆಹುಳುವಿನ ವಂಶವಾಹಿಗಳನ್ನೂ, ಹಾಲುತೊಂಡೆ ತರುವ ವೈರಸ್ಸನ್ನೂ ವರ್ಷಗಟ್ಟಲೆ ಅಭ್ಯಸಿಸಿತು. ಕೇಂದ್ರ ರೇಷ್ಮೆ ಮಂಡಳಿ 1961ರಲ್ಲಿ ಮೈಸೂರಿನಲ್ಲಿ ತೆರೆದ ಸಂಶೋಧನಾ ಸಂಸ್ಥೆಯಿಂದ ಎನ್‌ಬಿ4ಡಿ2ನಂಥ ತಳಿಗಳೂ, 1990ರ ದಶಕದಲ್ಲಿ ಜಪಾನಿನ ಸಹಕಾರದೊಡನೆ ಸಿಎಸ್‌ಆರ್ ತಳಿಗಳೂ ಹೊರಬಂದವು.

ನಮ್ಮ ತಳಿಗಳ ಡಿಎನ್‌ಎಯನ್ನು ಮೊದಲಿಗೆ ಹಿಡಿದು ಕೂತವರಲ್ಲಿ ಮುಖ್ಯರು ಜೆ. ನಾಗರಾಜು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಇವರು ಬೆಂಗಳೂರಿನ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಶಾಲೆಯಲ್ಲಿದ್ದಾಗ, 1995ರಲ್ಲಿ, ಸಹೋದ್ಯೋಗಿಯೊಡನೆ 13 ತಳಿಗಳ ಡಿಎನ್‌ಎ ಗುರುತುಗಳನ್ನು ಹೋಲಿಸಿದರು. ಮೊಟ್ಟೆ ನಿದ್ರಿಸುವ ತಳಿಗಳದೇ ಒಂದು ಗುಂಪು, ಮೈಸೂರು ತಳಿಯಂಥ ನಿದ್ರಿಸದವುಗಳದೇ ಇನ್ನೊಂದು ಗುಂಪಾಗಿ ನಿಂತವು. ಹೈದರಾಬಾದಿನ ಲಾಲ್‌ಜಿ ಸಿಂಗ್ ಅವರು ಕಟ್ಟುಹಾವಿನ ಡಿಎನ್‌ಎಯಿಂದ ರೂಪಿಸಿದ್ದ ಒಂದು ಶೋಧಕವನ್ನೂ ಇದೇ ಕೆಲಸಕ್ಕೆ ಹಚ್ಚಿದರು. ಹಾವಿನ ಚೂರು ಕೊಟ್ಟು ಹುಳುವಿನ ಜಾತಕ ಬರೆಸಿದಂತಾಯಿತು! 2006ರಲ್ಲಿ ಅವರ ಹೈದರಾಬಾದಿನ ತಂಡ ರೇಷ್ಮೆಹುಳುವಿನ ಮೂಲ ಚೀನಾದ ಕಾಡು ಪತಂಗವೇ ಎಂಬುದಕ್ಕೆ ಡಿಎನ್‌ಎಯ ಸಾಕ್ಷ್ಯ ಒದಗಿಸಿತು. 2009ರಲ್ಲಿ ಚೀನೀಯರು 29 ಸಾಕುತಳಿಗಳನ್ನೂ 11 ಕಾಡು ಪತಂಗಗಳನ್ನೂ ಓದಿ ನೋಡಿದಾಗ ಹುಳುವನ್ನು ಮನೆಗೆ ತಂದದ್ದು ಒಮ್ಮೆಯೇ ಎಂಬ ನಿರ್ಣಯಕ್ಕೆ ಬಂದರು. ಅಂದರೆ ಟಿಪ್ಪುವಿನ ಜನ ಬಂಗಾಳದಿಂದ ತಂದ ಹುಳುವೂ ದೂರದ ನೆಂಟಸ್ತಿಕೆಯಲ್ಲಿ ದಾಜಾವ್ ಬಳಗದ್ದೇ.

ನಾಗರಾಜು ಅವರ ಮನಸ್ಸು ನಕಾಶೆಯಲ್ಲಿಯೇ ನಿಲ್ಲಲಿಲ್ಲ. ರೈತನ ಮನೆಯಲ್ಲಿ ಹಾಲುತೊಂಡೆಗೆ ಸಾಯುವ ಹುಳುವನ್ನು ಉಳಿಸಬಹುದೇ ಎಂಬುದು ಅವರ ಹಂಬಲವಾಗಿತ್ತು. ವೈರಸ್ಸಿನದೇ ವಂಶವಾಹಿಗಳನ್ನು ಮೌನವಾಗಿಸುವ ತುಣುಕುಗಳನ್ನು ಹುಳುವಿನ ಜೀನೋಮಿಗೆ ಸೇರಿಸಿ, ರೋಗ ತಡೆಯುವ ಹುಳುಗಳನ್ನು ಅವರ ತಂಡ ಪ್ರಯೋಗಶಾಲೆಯಲ್ಲಿ ಬೆಳೆಸಿತು. ಆ ಕೆಲಸದ ವಿಸ್ತೃತ ವರದಿ 2013ರಲ್ಲಿ ಅಚ್ಚಾಯಿತು. ಅವರು 2012ರ ಕೊನೆಯ ದಿನ ತೀರಿಕೊಂಡಿದ್ದರು; ಅರವತ್ತು ಕೂಡ ಆಗಿರಲಿಲ್ಲ.

ಒಂದೇ ತಳಿಯನ್ನು ಓದಿ ಹುಳುವನ್ನೆಲ್ಲ ಓದಿದಂತಾಯಿತೆನ್ನುವುದು ಎಷ್ಟು ಸರಿ? ಈ ಅನುಮಾನ ಓದಿದವರಿಗೇ ಬಂತು. 2022ರಲ್ಲಿ ಚೋಂಗ್‌ಚಿಂಗ್‌ನ ತಂಡ 1,078 ಬಗೆಯ ಹುಳುಗಳನ್ನು ಓದಿ, ಅವುಗಳಲ್ಲಿ 545ರ ಜೀನೋಮುಗಳನ್ನು ಉದ್ದ ಓದಿನಿಂದ ಪ್ರತ್ಯೇಕವಾಗಿ ಜೋಡಿಸಿ ಪ್ರಕಟಿಸಿತು. ಒಂದು ತಳಿಯಲ್ಲಿ ಇಲ್ಲದ ಭಾಗಗಳು ಇನ್ನೊಂದರಲ್ಲಿರುವುದು ಆಗ ಢಾಳಾಗಿ ಕಂಡಿತು. ಸೆಕೆ ತಾಳುವ ಗುಣ, ರೋಗ ತಡೆಯುವ ಗುಣ ಹುಡುಕುವವರು ಸಾಯದ ಹುಳುವಿನಲ್ಲಿಯೇ ಹುಡುಕಬೇಕಷ್ಟೆ. ನನ್ನ ಮಟ್ಟಿಗೆ ಹೇಳುವುದಾದರೆ, ಯಂತ್ರ ಯಾರ ಬಳಿ ಇದೆ ಎಂಬುದಕ್ಕಿಂತ ಬಿತ್ತನೆ ಯಾರ ಬಳಿ ಉಳಿದಿದೆ ಎಂಬುದು ದೊಡ್ಡ ಮಾತು. ಯಂತ್ರದ ಬೆಲೆ ವರ್ಷ ವರ್ಷ ಇಳಿಯುತ್ತಿದೆ; ಕೈತಪ್ಪಿದ ತಳಿ ಮರಳಿ ಬರುವುದಿಲ್ಲ. ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರ ನಾನೂರಕ್ಕೂ ಹೆಚ್ಚು ಬಗೆಯ ಹುಳುಗಳನ್ನು ತಲೆಮಾರು ತಪ್ಪದಂತೆ ಸಾಕುತ್ತಿದೆ. ಹುಳುವನ್ನು ಬೀಜದಂತೆ ಡಬ್ಬಿಯಲ್ಲಿ ತುಂಬಿಡಲಾಗುವುದಿಲ್ಲ. ಪ್ರತಿ ತಳಿಯನ್ನೂ ಮರಳಿ ಮರಳಿ ಮೊಟ್ಟೆಯಿಂದ ಪತಂಗದವರೆಗೆ ಬೆಳೆಸಲೇಬೇಕು. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಕುಣಿಗಲ್, ಮಾಗಡಿ ಸೀಮೆಯ ಮನೆಗಳದ್ದೂ ಇದೇ ಕೆಲಸ.

ಕೊಣನೂರಿನ ಮನೆಯ ಹುಳು ಮಿಶ್ರತಳಿ. ತಾಯಿ ಮೈಸೂರು, ತಂದೆ ಸಿಎಸ್‌ಆರ್. ಇಲ್ಲಿ ಒಂದು ಸ್ವಾರಸ್ಯವಿದೆ. ಮನುಷ್ಯರಲ್ಲಿ ಬೇರೆ ಬೇರೆ ಲಿಂಗ ವರ್ಣತಂತುಗಳಿರುವುದು ಗಂಡಿನಲ್ಲಿ, ಪತಂಗಗಳಲ್ಲಿ ಹೆಣ್ಣಿನಲ್ಲಿ. ಗಂಡಿನಲ್ಲಿ ಎರಡು ಜೆಡ್, ಹೆಣ್ಣಿನಲ್ಲಿ ಒಂದು ಜೆಡ್, ಒಂದು ಡಬ್ಲ್ಯೂ. ಈ ಡಬ್ಲ್ಯೂ ತಾಯಿಯಿಂದ ಮಗಳಿಗೆ ಮಾತ್ರ ಸಾಗುತ್ತದೆ. ಅದರ ತುಂಬ ಪಲ್ಲವಿಗಳೇ. 2008ರ ಜೋಡಣೆಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. ಅಲ್ಲಿನ 28 ವರ್ಣತಂತುಗಳಲ್ಲಿ ಲಿಂಗದ್ದು ಜೆಡ್ ಒಂದೇ. ಹುಳುವನ್ನು ಹೆಣ್ಣಾಗಿಸುವುದು ಡಬ್ಲ್ಯೂವಿನಿಂದ ಹುಟ್ಟುವ ಒಂದು ಪುಟ್ಟ ಆರ್‌ಎನ್‌ಎ ತುಣುಕು ಎಂಬುದು 2014ರಲ್ಲಿ ಜಪಾನಿನಲ್ಲಿ ಗೊತ್ತಾಯಿತು. ಕೊಣನೂರಿನ ಆ ಸ್ಟ್ಯಾಂಡುಗಳ ಮೇಲಿನ ಹೆಣ್ಣು ಹುಳುಗಳೆಲ್ಲ ಹೊತ್ತಿದ್ದ ಡಬ್ಲ್ಯೂ ಮೈಸೂರಿನದು. ಕುಣಿಗಲ್, ಮಾಗಡಿಯ ಯಾವುದೋ ಮನೆಯಲ್ಲಿ ಬೆಳೆದ ತಾಯಿಯದು.

ಇದನ್ನೆಲ್ಲ ಆ ತಾಯಿಗೆ ಫೋನ್ ಮಾಡಿ ಆದಷ್ಟು ಸರಳವಾಗಿ ಹೇಳಿದೆ. ಓದಿದ್ದು ಚೀನಾದವರ ಮನೆಯ ಹುಳ; ನಿಮ್ಮ ಹುಳದ ತಂದೆಯ ಕಡೆಯವರು ಅದಕ್ಕೆ ಹತ್ತಿರದ ನೆಂಟರು, ತಾಯಿಯ ಕಡೆಯದು ನಮ್ಮಲ್ಲೇ ಬೆಳೆದದ್ದು, ಅದರಲ್ಲಿ ಓದುವುದು ಇನ್ನೂ ಬೇಕಾದಷ್ಟಿದೆ ಎಂದೆ. ‘ತಾಯಿ ಕಡೇದ ಯಾವತ್ತೂ ಕಡೇಗೇ ಕೇಳದು ಬುಡಿ ಸಾರ್’ ಎಂದು ನಕ್ಕರು. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟು ಎರಡು ದಿನವಾಗಿದೆ, ಗೂಡು ಬಿಡಿಸುವ ಹೊತ್ತಿಗೆ ಮಳೆ ಹಿಡಿಯದಿದ್ದರೆ ಸಾಕು ಎಂದು ಮಾತು ಮುಗಿಸಿದರು.